ಡಾಂಟೆ ನೆಲಕ್ಕಿಳಿಯಬಾರದು: ಡೆವಿಲ್ ಮೇ ಕ್ರೈ 5 ಅಭ್ಯಾಸದ ಲಾಗ್

ಡೆವಿಲ್ ಮೇ ಕ್ರೈ 5 ಕತ್ತಿ, ಗನ್ ಹಿಡಿದು ರಾಕ್ಷಸರ ಜೊತೆ ಹೊಡೆದಾಡುವ ವಿಡಿಯೋ ಗೇಮ್, ಡಾಂಟೆ ಅದರ ನಾಯಕರಲ್ಲಿ ಒಬ್ಬ. ನನ್ನ ಗುರಿ ಒಂದೇ. ಡಾಂಟೆ ಒಮ್ಮೆ ಗಾಳಿಗೆ ಏರಿದ ಮೇಲೆ ಟ್ರಿಕ್‌ಸ್ಟರ್ (ಚಲನೆ), ಸ್ವೋರ್ಡ್‌ಮಾಸ್ಟರ್ (ಕತ್ತಿ), ಗನ್‌ಸ್ಲಿಂಗರ್ (ಗನ್), ರಾಯಲ್‌ಗಾರ್ಡ್ (ತಡೆ) ನಾಲ್ಕೂ ಸ್ಟೈಲ್ ಬಳಸಿ ಮುಗಿಸಬೇಕು, ಅಲ್ಲಿಯತನಕ ಕಾಲು ನೆಲಕ್ಕೆ ತಾಗಬಾರದು. ಆಟ ಮುಗಿಸೋಕೆ ಇದರ ಅಗತ್ಯ ಏನೂ ಇಲ್ಲ. ಮುಂದಕ್ಕೆ ನುಗ್ಗಿ ತಿವಿಯುವ ಸ್ಟಿಂಗರ್, ಶತ್ರುವನ್ನು ಮೇಲಕ್ಕೆ ಎತ್ತುವ ಹೈ ಟೈಮ್, ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಸರಿಯೋದು ಇಷ್ಟು ಬಂದರೆ ಸನ್ ಆಫ್ ಸ್ಪಾರ್ಡಾ ಅನ್ನುವ ಕಠಿಣ ಮಟ್ಟವನ್ನೂ ದಾಟಬಹುದು. ಆದರೆ 2019ರಲ್ಲಿ ಬಂದ ಆಟವನ್ನು ನಾನು ಇವತ್ತಿಗೂ ತೆರೆಯೋದು ಈ ಹಾರಾಟಕ್ಕಾಗಿಯೇ.

ಉದ್ದುದ್ದ ಕಾಂಬೊಗಳನ್ನು (ಹೊಡೆತಗಳ ಸರಪಳಿ) ಬಾಯಿಪಾಠ ಮಾಡುವ ದಾರಿಯನ್ನು ನಾನು ಹಿಡಿದಿಲ್ಲ. ಪಾಠ ಮಾಡಿದ ಕಾಂಬೊ ಸುಮ್ಮನೆ ನಿಂತ ಶತ್ರುವಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಪಕ್ಕದಿಂದ ಇನ್ನೊಬ್ಬ ಬಂದು ಹೊಡೆದ ಕೂಡಲೇ ಎಲ್ಲಿದ್ದೆವು ಅನ್ನೋದೇ ಮರೆತುಹೋಗುತ್ತದೆ. ಅದಕ್ಕೇ ಎರಡು ಹೊಡೆತಗಳ ನಡುವಿನ ಸಂದನ್ನು ಮಾತ್ರ ಅಭ್ಯಾಸ ಮಾಡುತ್ತಿದ್ದೇನೆ. ಯಾವ ಹೊಡೆತದಿಂದ ಯಾವ ಹೊಡೆತಕ್ಕೆ ಹೋಗಬಹುದು, ಆ ಹೊತ್ತಿಗೆ ಬೆರಳು ಎಲ್ಲಿರಬೇಕು, ಅಷ್ಟೇ. ಸಂದುಗಳು ಕೈಗೆ ಬಂದರೆ ಕಾಂಬೊ ತಾನಾಗಿ ಹುಟ್ಟುತ್ತದೆ.

ಮೊದಲು ಕಂಟ್ರೋಲರ್

ಜಂಪ್ ಬಟನ್ ಹೆಬ್ಬೆರಳಿನ ಕೆಳಗೆ ಇದ್ದರೆ ಕತ್ತಿ, ಗನ್, ಸ್ಟೈಲ್, ಜಂಪ್ ನಾಲ್ಕಕ್ಕೂ ಒಂದೇ ಬೆರಳು ಓಡಾಡಬೇಕು. ಹೊಡೆಯುತ್ತಲೇ ಹಾರಬೇಕಾದ ಆಟದಲ್ಲಿ ಇದು ದೊಡ್ಡ ಅಡ್ಡಿ. ಬಟನ್ ಬದಲಿಸಲು ಆಟದಲ್ಲೇ ಅವಕಾಶ ಇದೆ, ನಾನು ಜಂಪನ್ನು ಮೇಲಿನ ಭುಜದ ಬಟನ್ನಿಗೆ ಹಾಕಿಕೊಂಡೆ. ಈಗ ತೋರುಬೆರಳು ಹಾರಿಸುತ್ತದೆ, ಹೆಬ್ಬೆರಳು ಹೊಡೆಯುತ್ತದೆ. ಹಳೆಯ ಜೋಡಣೆಯಲ್ಲೇ ಬೆರಳುಗಳನ್ನು ಪಂಜದ ಹಾಗೆ ಬಾಗಿಸಿ ಆಡುವವರೂ ಇದ್ದಾರೆ. ತುಂಬಾ ಹೊತ್ತು ಆಡುವವರ ಕೈಗೆ ನನ್ನ ಪ್ರಕಾರ ಬಟನ್ ಬದಲಿಸೋದೇ ಒಳ್ಳೆಯದು.

ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಿಕೊಳ್ಳಲೇಬೇಕು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸಿಗೋದು ಸುಮಾರು 16.7 ಮಿಲಿಸೆಕೆಂಡ್. ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂತರೆ ಕೆಲವು ಫ್ರೇಮ್ ಅಲ್ಲೇ ಹೋಗುತ್ತವೆ. ಮುಂದೆ ಹೇಳುವ ಯಾವುದೂ ಆಮೇಲೆ ಸರಿಯಾಗಿ ಕೂರೋದಿಲ್ಲ.

ಜಂಪ್ ಕ್ಯಾನ್ಸಲ್

ಇಡೀ ಕಟ್ಟಡ ನಿಂತಿರೋದು ಇದರ ಮೇಲೆ. ಎನಿಮಿ ಸ್ಟೆಪ್ ಅನ್ನುವ ಸ್ಕಿಲ್ ಕೊಂಡರೆ ಗಾಳಿಯಲ್ಲಿರುವ ಶತ್ರುವನ್ನೇ ಮೆಟ್ಟಿ ಮತ್ತೆ ಹಾರಬಹುದು. ಹಾಗೆ ಮೆಟ್ಟಿದ ಕ್ಷಣ ನಡೆಯುತ್ತಿದ್ದ ಹೊಡೆತ ಅಲ್ಲೇ ತುಂಡಾಗುತ್ತದೆ (ಇದೇ ಜಂಪ್ ಕ್ಯಾನ್ಸಲ್), ಗಾಳಿಯಲ್ಲಿ ಒಮ್ಮೆ ಮಾತ್ರ ಸಿಗುವ ಚಲನೆಗಳು ಹೊಸದಾಗಿ ಸಿಗುತ್ತವೆ. ಖಾಲಿಯಾಗಿದ್ದ ಸ್ಕೈ ಸ್ಟಾರ್ (ಟ್ರಿಕ್‌ಸ್ಟರ್‌ನಲ್ಲಿ ಗಾಳಿಯಲ್ಲೇ ನುಗ್ಗುವ ಚಲನೆ) ವಾಪಸ್ ಬರುತ್ತದೆ. ಅಂದರೆ ಶತ್ರು ಹತ್ತಿರ ಇರುವಷ್ಟು ಹೊತ್ತೂ ಡಾಂಟೆ ಗಾಳಿಯಲ್ಲೇ ಇರಬಹುದು.

ಹತ್ತಿರದಿಂದ ನೋಡಿದರೆ ಹೀಗೆ. ಹೈ ಟೈಮ್‌ನಲ್ಲಿ ಬಟನ್ ಒತ್ತಿ ಹಿಡಿದರೆ ಹೆಲ್ ಕೈನಾ ಅನ್ನುವ ಸಾಮಾನ್ಯ ಶತ್ರುವಿನ ಜೊತೆಗೆ ಡಾಂಟೆಯೂ ಮೇಲಕ್ಕೆ ಏರುತ್ತಾನೆ. ಸ್ವೋರ್ಡ್‌ಮಾಸ್ಟರ್‌ನ ಏರಿಯಲ್ ರೇವ್ (ಗಾಳಿಯಲ್ಲಿ ಕತ್ತಿಯ ಸಾಲು ಏಟು) ಶುರು, ಎರಡು ಏಟು. ಎರಡನೆಯ ಏಟು ತಾಗಿದ ಸದ್ದು ಕಿವಿಗೆ ಬಿದ್ದಾಗ ಜಂಪ್. ಮುಖ್ಯವಾದದ್ದು ಆಮೇಲೆ ಇರೋದು: ಮೆಟ್ಟಿದ ಮೇಲೆ ಸುಮ್ಮನಿದ್ದರೆ ಡಾಂಟೆ ಜಿಗಿತದ ಪೂರ್ತಿ ಎತ್ತರಕ್ಕೆ ಹೋಗಿಬಿಡುತ್ತಾನೆ, ಶತ್ರು ಕೆಳಗೇ ಉಳಿಯುತ್ತಾನೆ, ಮುಂದಿನ ಬೀಸು ಖಾಲಿ ಗಾಳಿಗೆ. ಹಾಗಾಗಿ ಜಂಪಿನ ಬೆನ್ನಿಗೇ, ಹೆಚ್ಚುಕಡಿಮೆ ಒಟ್ಟಿಗೆ ಅನ್ನುವಷ್ಟು ಬೇಗ, ಹೊಡೆತ ಒತ್ತಬೇಕು. ಏರುವಿಕೆ ಅಲ್ಲೇ ನಿಂತು ಡಾಂಟೆ ಶತ್ರುವಿನ ಮಟ್ಟದಲ್ಲೇ ಉಳಿಯುತ್ತಾನೆ. ಎರಡು ಏಟು, ಜಂಪ್-ಏಟು, ಏಟು, ಜಂಪ್-ಏಟು, ಏಟು. ಕಣ್ಣಿಗಿಂತ ಕಿವಿಗೆ ಇದು ಬೇಗ ಹತ್ತುತ್ತದೆ.

ಮೆಟ್ಟಿತೋ ಇಲ್ಲವೋ ಗೊತ್ತಾಗೋಕೆ ಒಂದು ಗುರುತು ಇದೆ. ಏರ್ ಹೈಕ್ ಕೊಂಡಿದ್ದರೆ, ಶತ್ರು ಅಳತೆಗಿಂತ ದೂರ ಇದ್ದಾಗ ಜಂಪ್ ಒತ್ತಿದರೆ ಎರಡನೇ ಜಿಗಿತ ಆಗಿ, ಕಾಲಡಿಯಲ್ಲಿ ಬೆಳಕಿನ ಹಾಸು ಮಿಂಚುತ್ತದೆ. ಅದು ಕಂಡರೆ ಕ್ಯಾನ್ಸಲ್ ಆಗಿಲ್ಲ, ಇನ್ನೂ ಹತ್ತಿರ ಹೋಗಬೇಕು ಅಂತ ಅರ್ಥ. ಹೊಸದಾಗಿ ಶುರು ಮಾಡುವವರು ಏರ್ ಹೈಕ್ ಕೊಳ್ಳೋದನ್ನು ಸ್ವಲ್ಪ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ. ಆಗ ಮೆಟ್ಟಿದರೆ ಮಾತ್ರ ಜಿಗಿತ, ಇಲ್ಲದಿದ್ದರೆ ಇಲ್ಲ. ಅಳತೆ ಬೇಗ ಕೂರುತ್ತದೆ.

ಇದನ್ನೆಲ್ಲ ಮಾಡಿದ್ದು ದಿ ವಾಯ್ಡ್ ಅನ್ನುವ ಅಭ್ಯಾಸದ ಕೋಣೆಯಲ್ಲಿ. ಬೇಕಾದ ಶತ್ರುವನ್ನು ಆರಿಸಿಕೊಳ್ಳಬಹುದು. ಒಂದೇ ಹೆಲ್ ಕೈನಾ ಸಾಕು. ದೊಡ್ಡ ಶತ್ರುಗಳ ಮೇಲೆ ಎನಿಮಿ ಸ್ಟೆಪ್ ಸುಲಭ ಅನ್ನಿಸುತ್ತದೆ, ಯಾಕೆಂದರೆ ಮೆಟ್ಟಲು ಜಾಗ ಜಾಸ್ತಿ. ಅಲ್ಲಿ ಕಲಿತ ಅಳತೆ ಸಣ್ಣವರ ಮೇಲೆ ನಡೆಯೋದಿಲ್ಲ.

ಎಡ ಹೆಬ್ಬೆರಳು

ಜಂಪ್ ಕ್ಯಾನ್ಸಲ್ ಕೈಗೆ ಹತ್ತಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. 2005ರ ಮೂರನೇ ಆಟದಲ್ಲಿ ಒಂದು ಸ್ಟೈಲ್ ಆರಿಸಿಕೊಂಡು ಮಿಷನ್‌ಗೆ ಇಳಿಯಬೇಕಿತ್ತು. 2008ರ ನಾಲ್ಕನೇ ಆಟ ಆ ಆಯ್ಕೆಯನ್ನು ಹೊಡೆದಾಟದ ನಡುವಿಗೇ ತಂದು ಡಿ-ಪ್ಯಾಡ್ ಮೇಲೆ ಇಟ್ಟಿತು. ಐದರಲ್ಲೂ ಹಾಗೆಯೇ: ಮೇಲೆ ಟ್ರಿಕ್‌ಸ್ಟರ್, ಬಲಕ್ಕೆ ಸ್ವೋರ್ಡ್‌ಮಾಸ್ಟರ್, ಎಡಕ್ಕೆ ಗನ್‌ಸ್ಲಿಂಗರ್, ಕೆಳಗೆ ರಾಯಲ್‌ಗಾರ್ಡ್. ಡಿ-ಪ್ಯಾಡ್ ಒತ್ತುವ ಬೆರಳೂ ಸ್ಟಿಕ್ ತಿರುಗಿಸುವ ಬೆರಳೂ ಒಂದೇ. ಸ್ಟಿಂಗರ್‌ಗೆ ಸ್ಟಿಕ್ ಮುಂದಕ್ಕೆ, ಹೈ ಟೈಮ್‌ಗೆ ಹಿಂದಕ್ಕೆ. ಸ್ಟೈಲ್ ಬದಲಿಸುವ ಗಳಿಗೆಯಲ್ಲಿ ಸ್ಟಿಕ್ ಅನಾಥ.

ಪರಿಹಾರ ಹೊಡೆತದ ಒಳಗೇ ಇದೆ. ಪ್ರತಿ ಹೊಡೆತದಲ್ಲೂ ಸ್ಟಿಕ್ ಕೆಲಸ ಮುಗಿದು ಕತ್ತಿ ಇನ್ನೂ ಬೀಸುತ್ತಿರುವ ಒಂದು ತುಣುಕು ಸಮಯ ಇರುತ್ತದೆ. ಸ್ಟೈಲನ್ನು ಅಲ್ಲಿ ಬದಲಿಸಬೇಕು. ಅಂದರೆ ಗನ್‌ಸ್ಲಿಂಗರ್ ಬೇಕಾದಾಗ ಗನ್‌ಸ್ಲಿಂಗರ್‌ಗೆ ಹೋಗುವುದಲ್ಲ, ಅದಕ್ಕೂ ಒಂದು ಏಟು ಮುಂಚೆಯೇ ಹೋಗಿರಬೇಕು. ರೇವ್‌ನ ಕೊನೆಯ ಏಟು ನಡೆಯುತ್ತಿರುವಾಗಲೇ ಎಡ ಹೆಬ್ಬೆರಳು ಡಿ-ಪ್ಯಾಡ್ ಮುಟ್ಟಿ ಸ್ಟಿಕ್ಕಿಗೆ ವಾಪಸ್ ಬಂದಿರಬೇಕು. ತಲೆ ಒಂದು ಏಟು ಮುಂದೆ, ಕೈ ಈಗಿನ ಏಟಿನಲ್ಲಿ. ನನ್ನ ಅಭ್ಯಾಸದ ಹೆಚ್ಚಿನ ಪಾಲು ಹೋಗಿರೋದು ಈ ಒಂದೇ ವಿಷಯಕ್ಕೆ, ಮುಂದೆಯೂ ಹೋಗುತ್ತದೆ.

ಈಗ ಕೈಯಲ್ಲಿ ಸಲೀಸಾಗಿ ಬರುವ ಒಂದು ಸರಣಿ: ಏರಿಯಲ್ ರೇವ್, ಕೊಯೋಟೆ-ಎ ಶಾಟ್‌ಗನ್ನಿನ ಒಂದು ಗುಂಡು, ಶತ್ರು ದೂರ ಹಾರುತ್ತಾನೆ. ಗುಂಡು ಹೊಡೆಯುವಾಗಲೇ ಟ್ರಿಕ್‌ಸ್ಟರ್‌ಗೆ ಬದಲು. ಸ್ಕೈ ಸ್ಟಾರ್‌ನಿಂದ ಮತ್ತೆ ಅವನ ಬಳಿಗೆ, ಜಂಪಿನಿಂದ ಮೆಟ್ಟು, ಸ್ವೋರ್ಡ್‌ಮಾಸ್ಟರ್, ಮತ್ತೆ ರೇವ್. ಶತ್ರುವನ್ನು ತಾನೇ ದೂರ ತಳ್ಳಿ ತಾನೇ ಹಿಂದೆ ಹೋಗಿ ಹಿಡಿಯುವ ಈ ಆಟ ನೋಡೋಕೆ ತುಂಬಾ ಚೆಂದ. ಎತ್ತರ ಕಡಿಮೆಯಾಗುತ್ತಿದೆ ಅನ್ನಿಸಿದರೆ ನಡುವೆ ಎಬನಿ ಮತ್ತು ಐವರಿಯಿಂದ ಗುಂಡು ಹಾರಿಸಿದರೆ ಸಾಕು, ಶತ್ರುವೂ ಡಾಂಟೆಯೂ ಬೀಳೋದು ನಿಧಾನವಾಗುತ್ತದೆ, ಯೋಚಿಸಲು ಅರೆಕ್ಷಣ ಸಿಗುತ್ತದೆ.

ಆಯುಧಗಳನ್ನು ಕಡಿಮೆ ಮಾಡಿಕೊಂಡದ್ದೂ ನೆರವಾಯಿತು. ನಾಲ್ಕು ಆಯುಧ ಹೊತ್ತರೆ ಸರದಿಯಲ್ಲಿ ಈಗ ಯಾವುದಿದೆ ಅನ್ನೋ ಲೆಕ್ಕವೂ ತಲೆಗೆ ಸೇರುತ್ತದೆ. ಸದ್ಯಕ್ಕೆ ಒಂದು ಕತ್ತಿ, ಕಿಂಗ್ ಸೆರ್ಬರಸ್, ಎರಡು ಗನ್. ಎರಡೇ ಇದ್ದರೆ ಒಮ್ಮೆ ಒತ್ತಿದರೆ ಅದು, ಇನ್ನೊಮ್ಮೆ ಒತ್ತಿದರೆ ಇದು, ಲೆಕ್ಕವೇ ಬೇಡ. ಸೆರ್ಬರಸ್ ಒಂದರಲ್ಲೇ ಹಿಮದ ನಂಚಾಕು, ಬೆಂಕಿಯ ಕೋಲು, ಮಿಂಚಿನ ಮೂರು ತುಂಡಿನ ಕೋಲು ಇರೋದರಿಂದ ವೈವಿಧ್ಯಕ್ಕೆ ಏನೂ ಕೊರತೆಯಿಲ್ಲ.

ಮೀಟರ್ ಮತ್ತು ಹಾಡು

ಡಿಯಿಂದ ಎಸ್‌ಎಸ್‌ಎಸ್ ತನಕ ಏರುವ ಸ್ಟೈಲ್ ಮೀಟರ್ ಒಂದೇ ಹೊಡೆತದ ಪುನರಾವರ್ತನೆಗೆ ಅಂಕ ಕಡಿಮೆ ಮಾಡುತ್ತದೆ, ಪೆಟ್ಟು ತಿಂದರೆ ಕೆಳಗಿಳಿಯುತ್ತದೆ. ಅದನ್ನು ನೋಡುತ್ತಾ ಆಡಬೇಕಿಲ್ಲ. ರ‍್ಯಾಂಕ್ ಏರಿದಂತೆ ಹಿನ್ನೆಲೆ ಸಂಗೀತವೂ ಕಟ್ಟಿಕೊಳ್ಳುತ್ತಾ ಹೋಗಿ, ಎಸ್ ಮುಟ್ಟಿದಾಗ ಹಾಡಿನ ಪಲ್ಲವಿ ಬಿಚ್ಚಿಕೊಳ್ಳುತ್ತದೆ. ಪಲ್ಲವಿ ಕೇಳಿಸುತ್ತಿದೆ ಅಂದರೆ ಎಲ್ಲ ಸರಿಯಿದೆ. ಕಣ್ಣು ಶತ್ರುವಿನ ಮೇಲೇ ಇರಲಿ. ಈ ಆಟದ ಅತ್ಯಂತ ಜಾಣ ವಿನ್ಯಾಸ ಇದೇ ಅಂತ ನನಗನ್ನಿಸುತ್ತದೆ.

ಬಿಡುವು ಸಿಕ್ಕಾಗ ಟಾಂಟ್ ಮಾಡಿದರೂ (ಶತ್ರುವನ್ನು ಕೆಣಕಿದರೂ) ಮೀಟರ್ ಏರುತ್ತದೆ. ಶತ್ರುವನ್ನು ದೂರ ಎಸೆದ ಮೇಲೆ ಸುಮ್ಮನೆ ಓಡುವ ಬದಲು ಅದನ್ನು ಮಾಡುವುದು ಒಳ್ಳೆಯ ರೂಢಿ.

ರಾಯಲ್‌ಗಾರ್ಡ್ ಸೇರಿಸಿದ್ದು

ನಾಲ್ಕನೆಯದಕ್ಕೆ ಒಂದೇ ಶತ್ರು ಸಾಲದು. ಗಾಳಿಯಲ್ಲಿ ತೇಲುತ್ತಿರುವವನು ಹೊಡೆಯುವುದಿಲ್ಲವಲ್ಲ, ತಡೆಯೋಕೆ ಏನಿದೆ? ಹಾಗಾಗಿ ಅಭ್ಯಾಸವನ್ನು ಗುಂಪಿನ ನಡುವೆ ತಂದೆ. ಒಬ್ಬನನ್ನು ಮೇಲೆ ಹಿಡಿದಿರುವಾಗ ಕೆಳಗಿನವನು ಎಗರಿ ಬರುತ್ತಾನೆ, ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಗಾರ್ಡ್ ಒತ್ತಿದರೆ ಒಂದಿಷ್ಟೂ ಜೀವ ಹೋಗುವುದಿಲ್ಲ, ಮೀಟರೂ ಏರುತ್ತದೆ. ಗಾರ್ಡ್ ಗಾಳಿಯಲ್ಲೂ ನಡೆಯುತ್ತದೆ. ತಡೆದು ಕೂಡಿಟ್ಟ ಬಲವನ್ನು ರಿಲೀಸ್‌ನಲ್ಲಿ ಒಮ್ಮೆಲೇ ಹೊರಗೆ ಹಾಕಬಹುದು.

ಗಾರ್ಡ್ ಕಲಿಯಲು ಫ್ಯೂರಿ ಅನ್ನುವ ಶತ್ರುವಿಗಿಂತ ಒಳ್ಳೆಯ ಗುರು ಇಲ್ಲ. ಕಣ್ಣಿಗೆ ಕಾಣದಷ್ಟು ವೇಗವಾಗಿ ಜಾಗ ಬದಲಿಸುವ ಈ ಪ್ರಾಣಿಯ ಹಿಂದೆ ಓಡಿದರೆ ಏನೂ ಸಿಗೋದಿಲ್ಲ. ನಿಂತಲ್ಲೇ ನಿಂತು ಅದು ಎರಗುವ ಲಯವನ್ನು ಹಿಡಿಯಬೇಕು. ಆ ಲಯ ಸಿಕ್ಕಿದರೆ ಕತ್ತಿಯಿಂದ ಅದರ ಏಟನ್ನೇ ಎದುರು ಹೊಡೆದು ತಡೆಯಲೂ ಬರುತ್ತದೆ. ಗಾರ್ಡ್, ಕತ್ತಿ ಎರಡಕ್ಕೂ ಒಂದೇ ಎಣಿಕೆ.

ಆಟದ ಇನ್ನೊಬ್ಬ ನಾಯಕ ನೀರೋನನ್ನು ಆಡಿದ್ದು ಇಲ್ಲಿ ಕೈ ಹಿಡಿಯಿತು. ಅವನ ರೆಡ್ ಕ್ವೀನ್ ಕತ್ತಿಗೆ ಬಲ ತುಂಬುವ ಎಕ್ಸೀಡನ್ನು ಬೀಸಿನ ಸರಿಯಾದ ಕ್ಷಣಕ್ಕೆ ಒತ್ತಿದರೆ ಇಎಕ್ಸ್-ಆಕ್ಟ್ ಆಗಿ ಒಂದು ಗೇಜ್ ತುಂಬುತ್ತದೆ, ಇನ್ನೂ ಬಿಗಿಯಾದ ಕ್ಷಣಕ್ಕೆ ಒತ್ತಿದರೆ ಮ್ಯಾಕ್ಸ್-ಆಕ್ಟ್ ಆಗಿ ಮೂರೂ ತುಂಬುತ್ತವೆ. ಪ್ರತಿ ಹೊಡೆತಕ್ಕೂ ಕ್ಷಣ ಬೇರೆ ಬೇರೆ, ಅದನ್ನು ಕಿವಿಯಲ್ಲೇ ಹಿಡಿಯಬೇಕು. ಡಾಂಟೆಯನ್ನು ಆಡಿ ಸೋತುಹೋದೆ ಅನ್ನಿಸುವವರು ಸ್ವಲ್ಪ ದಿನ ನೀರೋ ಕಡೆ ಹೋಗಿ ಬರಲಿ.

ಸದ್ಯದ ಸ್ಥಿತಿ

ಒಬ್ಬನೇ ಶತ್ರು ಇದ್ದಾಗ ಮೂರು ಸ್ಟೈಲ್ ಸಲೀಸು. ಗುಂಪಿನಲ್ಲಿ ನಾಲ್ಕೂ ಬರುತ್ತವೆ, ಆದರೆ ಗಾರ್ಡ್‌ನಿಂದ ಸ್ವೋರ್ಡ್‌ಮಾಸ್ಟರ್‌ಗೆ ಮರಳುವ ಸಂದು ಇನ್ನೂ ಒರಟು. ಅದೊಂದನ್ನೇ ಬೇರೆಯಾಗಿ ತೆಗೆದುಕೊಂಡು, ತಡೆ, ಬದಲು, ಒಂದು ಏಟು, ಜಂಪ್, ಇಷ್ಟನ್ನೇ ತಿರುಗಿ ತಿರುಗಿ ಮಾಡುತ್ತಿದ್ದೇನೆ. ಅದು ನುಣುಪಾದ ಮೇಲೆ ಕೈಕಾಲಿಗೆ ತೊಡುವ ಬಾಲ್‌ರಾಗ್ ಸೇರಿಸಿ ಮೂರು ಆಯುಧಕ್ಕೆ ಹೋಗುವುದು. ಅದರಲ್ಲಿ ಗುದ್ದು, ಒದೆತ ಎರಡು ವಿಧ ಇರೋದರಿಂದ ಹೆಬ್ಬೆರಳಿಗೆ ಇನ್ನೊಂದು ಕೆಲಸ ಬರುತ್ತದೆ. ಮಹಡಿ ಮಹಡಿಯಾಗಿ ಶತ್ರುಗಳನ್ನು ಮುಗಿಸುತ್ತಾ ಹೋಗುವ ಬ್ಲಡಿ ಪ್ಯಾಲೆಸ್ ಮೋಡ್‌ನ 101 ಮಹಡಿಗಳನ್ನು ಈ ರೀತಿಯಲ್ಲೇ ಹತ್ತೋದು ಅದರ ನಂತರ. ಅಲ್ಲಿ ಗಡಿಯಾರ ಓಡುತ್ತಿರುತ್ತದೆ, ಹಾಗಾಗಿ ಒಬ್ಬ ಹೆಲ್ ಕೈನಾ ಜೊತೆ ಎಷ್ಟು ಹೊತ್ತು ಗಾಳಿಯಲ್ಲಿ ಇರಬಹುದು ಅನ್ನೋದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.