ಜಾವರ್ ಟೂರು, ಬದನೆಕಾಯಿ ಮತ್ತು ಕೆಂಪು ಇಂಕು

ಮ್ಯಾಗಜೀನ್‌ಗೆ ಏನಾದ್ರೂ ಬರ್ದುಕೊಡಿ ಅಂತ ಕಾಲೇಜಿಂದ ಫೋನ್ ಬಂದ್ಮೇಲೆ ಅಟ್ಟದಿಂದ ಹಳೇ ಫೀಲ್ಡ್ ನೋಟ್‌ಬುಕ್ ಇಳಿಸ್ದೆ. ಜಿಯಾಲಜಿ ಫೈನಲ್ ಇಯರ್, 1996, ರಾಜಸ್ಥಾನ ಟೂರು. ಆಸಿಡ್ ಬಾಟ್ಲಿ ಬ್ಯಾಗಲ್ಲೇ ಲೀಕ್ ಆಗಿ ಅರ್ಧ ಪುಟ ತಿಂದ್ಹಾಕಿದೆ, ಪುಣ್ಯಕ್ಕೆ ಜಾವರ್ ಪುಟಗಳು ಉಳ್ಕೊಂಡಿವೆ.

ಜಾವರ್ ಇರೋದು ಉದಯಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಅರಾವಳಿ ಗುಡ್ಡಗಳ ಮಧ್ಯೆ. ಟೀಡಿ ಅನ್ನೋ ಸಣ್ಣ ನದಿ, ಸುತ್ತ ಮೋಚಿಯಾ, ಬಲಾರಿಯಾ, ಜಾವರ್‌ಮಾಲಾ, ಬರೋಯಿ ಅಂತ ಸೀಸ-ಸತುವಿನ ಗಣಿಗಳು. ಬಸ್ಸಿಂದ ಇಳಿದ ತಕ್ಷಣ ಸರ್ ಒಂದು ಬೂದು ಬಂಡೆ ತೋರ್ಸಿ ಏನ್ರಪ್ಪಾ ಇದು ಅಂದ್ರು. ನಾನು ಮಹಾ ಜಾಣನ ಥರ ಒಂದ್ ಹನಿ ಆಸಿಡ್ ಬಿಟ್ಟೆ, ನೊರೆ ಬರ್ಲಿಲ್ಲ, ಕಾರ್ಬೊನೇಟ್ (ಸುಣ್ಣಕಲ್ಲಿನ ಜಾತಿ) ಅಲ್ಲ ಸರ್ ಅಂದ್ಬಿಟ್ಟೆ. ಅವ್ರು ಮಾತೇ ಆಡ್ದೆ ಚಾಕು ತಗೊಂಡು ಬಂಡೆ ಕೆರೆದು ಆ ಪುಡಿ ಮೇಲೆ ಅದೇ ಆಸಿಡ್ ಹಾಕಿದ್ರು, ಚುಯ್ ಅಂತು. ಡಾಲೊಮೈಟ್, ಅದೂ ಒಂದು ಕಾರ್ಬೊನೇಟೇ! ಪುಡಿ ಮಾಡ್ದೆ ತಣ್ಣನೆ ಆಸಿಡ್‌ಗೆ ಬಗ್ಗೋ ಕಲ್ಲಲ್ಲ ಅದು, ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೇಲಿ ಬರ್ದಿದ್ದೆ ಕೂಡ.

ಈ ಕಲ್ಲು ಒಂದ್ ಕಾಲಕ್ಕೆ ಸಮುದ್ರದ ತಳದಲ್ಲಿ ಕೂತಿದ್ದ ಕೆಸರು, ಅದಕ್ಕೆ ಈಗ 170 ಕೋಟಿ ವರ್ಷ ದಾಟಿದೆ, ಮಡಚಿ ಮುರಿದು ಬಿರುಕು ಬಿಟ್ಟಿದೆ, ಆ ಬಿರುಕುಗಳ ತುಂಬಾ ಗೆಲೀನಾ, ಸ್ಫಾಲರೈಟ್, ಪೈರೈಟ್ ಅನ್ನೋ ಖನಿಜಗಳು. ಗೆಲೀನಾ ಸೀಸದ ಅದಿರು, ಒಡೆದ್ರೆ ಪುಟ್ಟ ಪುಟ್ಟ ಚೌಕ, ಕೈಗೆ ತಗೊಂಡ್ರೆ ಅಯ್ಯೋ ಅನ್ನೋಷ್ಟು ಭಾರ. ಸ್ಫಾಲರೈಟ್ ಸತುವಿಂದು, ಅದರ ಪುಡಿಗೆ ಆಸಿಡ್ ಹಾಕಿದ್ರೆ ಕೊಳೆತ ಮೊಟ್ಟೆ ವಾಸನೆ. ಹುಡ್ಗರು ಬೇಕಂತಲೇ ಒಬ್ಬರ ಮೂಗಿಗೊಬ್ಬರು ಹಿಡೀತಿದ್ರು.

ಗುಡ್ಡದ ಮೇಲಿನ ಹಳೇ ಗವಿಗಳ ಗೋಡೆ ಉಳಿಯಿಂದ ಕಡಿದಂಗೆ ಇರ್ಲಿಲ್ಲ, ಗುಂಡಗೆ ನುಣ್ಣಗಿತ್ತು. ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದು ಸೀಳು ಬಿಟ್ಟಿದ್ದನ್ನ ಕಿತ್ತು ತೆಗೀತಿದ್ರಂತೆ. ಒಳಗೆ ಸಿಕ್ಕ ಮರದ ತುಂಡುಗಳ ಕಾರ್ಬನ್ ಡೇಟಿಂಗ್ ಮಾಡಿದ್ರೆ 2000 ವರ್ಷಕ್ಕೂ ಹಿಂದಕ್ಕೆ ಹೋಗುತ್ತೆ. ಆ ಹೊಗೇಲಿ ಮನುಷ್ಯರು ಹೆಂಗೆ ಉಸಿರಾಡ್ತಿದ್ರೋ.

ಆದ್ರೆ ನನ್ನ ತಲೆ ಕೆಡಿಸಿದ್ದು ಕೆಳಗಿನ ಮಣ್ಣಿನ ಕೊಳವೆಗಳು. ಬದನೆಕಾಯಿ ಆಕಾರ, ಸುಮಾರು ಒಂದಡಿ ಉದ್ದ, ರಾಶಿ ರಾಶಿ ಬಿದ್ದಿದ್ವು, ಹಳೇ ಮನೆಗಳ ಗೋಡೇನೂ ಅದನ್ನೇ ಇಟ್ಟಿಗೆ ಥರ ಜೋಡಿಸಿ ಕಟ್ಟಿದ್ರು. ರಸಶಾಸ್ತ್ರದಲ್ಲಿ, ಅಂದ್ರೆ ನಮ್ಮ ಹಳೇ ಲೋಹ-ಔಷಧ ವಿದ್ಯೇಲಿ, ಇದಕ್ಕೆ ವೃಂತಾಕ ಮೂಷೆ ಅಂತಾರೆ, ವೃಂತಾಕ ಅಂದ್ರೆ ಬದನೆಕಾಯೇ, ಮೂಷೆ ಅಂದ್ರೆ ಅದಿರು ಕಾಯಿಸೋ ಮಣ್ಣಿನ ಪಾತ್ರೆ. ಇದ್ರಲ್ಲೇ ಸತು ತೆಗೀತಿದ್ರು. ಸತುವಿನ ಕಷ್ಟ ಏನಪ್ಪಾ ಅಂದ್ರೆ ಅದು 907 ಡಿಗ್ರಿಗೇ ಕುದಿಯುತ್ತೆ, ಅದಿರಿಂದ ಬಿಡಿಸೋಕೆ ಅದಕ್ಕಿಂತ ಜಾಸ್ತಿ ಶಾಖ ಬೇಕು, ಅಂದ್ರೆ ಹುಟ್ಟುತ್ತಲೇ ಆವಿ, ಗಾಳಿ ಸೋಕಿದ್ರೆ ಉರಿದು ಬಿಳೀ ಪುಡಿ. ಅದಕ್ಕೆ ಆ ಕಾಲದ ಜಾವರ್‌ನವ್ರು ಒಲೇಲಿ 36 ಮೂಷೆಗಳನ್ನ ಬಾಯಿ ಕೆಳಗೆ ಮಾಡಿ ನಿಲ್ಸಿ, ಮೇಲೆ ಬೆಂಕಿ, ಕೆಳಗೆ ತಣ್ಣನೆ ಗೂಡು, ಆವಿ ಕೆಳಕ್ಕಿಳಿದು ಹನಿಯಾಗಿ ಪಾತ್ರೆಗೆ ಬೀಳೋ ಹಂಗೆ ಮಾಡಿದ್ರು. ಇಡೀ ಒಲೆಗಳೇ ಸಿಕ್ಕಿದ್ದು 1983ರಲ್ಲಿ, ಬರೋಡಾ ಯೂನಿವರ್ಸಿಟಿ, ಬ್ರಿಟಿಷ್ ಮ್ಯೂಸಿಯಂ, ಹಿಂದೂಸ್ತಾನ್ ಜಿಂಕ್ ಸೇರಿ ಅಗೆದಾಗ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಹಿಂಗೇ ಕೆಳಮುಖವಾಗಿ ಬಟ್ಟಿ ಇಳಿಸೋದಕ್ಕೆ ಪೇಟೆಂಟ್ ತಗೊಂಡಿದ್ದು 1738ರಲ್ಲಿ, ಜಾವರ್ ಒಲೆಗಳು ಅದಕ್ಕೂ ಎಷ್ಟೋ ಶತಮಾನ ಮುಂಚಿನವು.

ಎಲ್ಲ ಸರಿ ಸರ್, ತಲೆಕೆಳಗೆ ಮಾಡಿದ್ರೆ ಒಳಗಿನ ಅದಿರು ಉದುರಲ್ವಾ ಅಂತ ಕೇಳ್ದೆ. ಹುಡ್ಗರು ನಕ್ರು. ಸರ್ ನಗ್ಲಿಲ್ಲ, ರಾತ್ರಿ ಹೇಳ್ತೀನಿ ಅಂದ್ರು.

ರಾತ್ರಿ ಲಾಡ್ಜ್ ವರಾಂಡದಲ್ಲಿ ಸ್ಟೀಲ್ ಲೋಟ ತರ್ಸಿದ್ರು. ಒದ್ದೆ ಮಣ್ಣಲ್ಲಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ತುಂಬಿ, ಮಧ್ಯೆ ಒಂದು ಕಡ್ಡಿ ಬಿಗಿಯಾಗಿ ಚುಚ್ಚಿ ಬೋರಲು ಹಾಕಿದ್ರು. ಬೀಳ್ಲಿಲ್ಲ! ಅದಿರನ್ನೂ ಹಿಂಗೇ ಉಂಡೆ ಮಾಡ್ತಿದ್ರಪ್ಪ, ಕಾದ ಉಂಡೆಗಳು ಒಂದಕ್ಕೊಂದು ಅಂಟೋವರೆಗೂ ಕಡ್ಡಿ ತಡೆಯುತ್ತೆ, ಆಮೇಲೆ ಅದು ಸುಟ್ಟುಹೋಗಿ ಆ ಜಾಗದಲ್ಲೇ ಆವಿ ಇಳಿಯೋಕೆ ದಾರಿ ಅಂದ್ರು. ನಾನು ನೋಡೋಣ ಅಂತ ಕಡ್ಡಿ ಎಳೆದೆ, ಅಷ್ಟೂ ಮಣ್ಣು ಸರ್ ಪಂಚೆ ಮೇಲೆ. ಬೈತಾರೆ ಅಂದ್ಕೊಂಡ್ರೆ, ನೋಡಿದ್ಯಾ, ಕಡ್ಡಿ ಇಲ್ದಿದ್ರೆ ಏನಾಗುತ್ತೆ ಅಂತ ಅಂದು ಪಂಚೆ ಕೊಡವಿಕೊಂಡು ಎದ್ರು.

ಸರ್ ಈಗಿಲ್ಲ. ಆ ಪುಟದಲ್ಲಿ ನಾನು ಮೂಷೆ ಚಿತ್ರ ಬರೆದಿದ್ದೀನಿ, ಒಳಗೆ ಕಡ್ಡಿ, ಉಂಡೆ, ಕೆಳಗೆ ಬಾಣದ ಗುರುತು, ಚೆನ್ನಾಗೇ ಬಂದಿದೆ. ಪಕ್ಕದಲ್ಲಿ ಕೆಂಪು ಇಂಕಲ್ಲಿ ಸರ್ ಅಕ್ಷರ: ಸ್ಕೇಲ್ ಎಲ್ಲಿ? ಒಂದು ಮಾರ್ಕ್ ಕಟ್.