ಕಂಪನಿಯ ಪೆಟ್ಟಿಗೆಯ ಜೊತೆಗೆ ನಮ್ಮದೇ ರೌಟರ್

ಕೊಡಗಿನ ತೋಟದ ಮನೆಗಳಿಗೆ ಫೈಬರ್ ಸಂಪರ್ಕ ಬಂದ ಮೇಲೂ ‘ಜಗಲಿಯಲ್ಲಿ ನೆಟ್ ಚೆನ್ನಾಗಿದೆ, ಒಳಗೆ ಬಂದರೆ ಇಲ್ಲ’ ಎಂಬ ಮಾತು ನಿಂತಿಲ್ಲ. ಹೆಚ್ಚಿನ ಸಲ ಇದಕ್ಕೆ ಕಾರಣ ಹಳೆಯ ಮನೆಗಳ ದಪ್ಪ ಗೋಡೆಗಳು ಮತ್ತು ಕೇಬಲ್ ಒಳಬರುವ ಮೂಲೆಯಲ್ಲೇ ಇಂಟರ್ನೆಟ್ ಕಂಪನಿ ಕೊಡುವ ವೈಫೈ ಪೆಟ್ಟಿಗೆಯನ್ನು ಕೂರಿಸುವ ರೂಢಿ. ವೈಫೈಯ ಎರಡು ತರಂಗಾಂತರಗಳಲ್ಲಿ 5 ಗಿಗಾಹರ್ಟ್ಸ್‌ನದು ಅಂತಹ ಗೋಡೆಯನ್ನು ದಾಟುವಾಗ 2.4 ಗಿಗಾಹರ್ಟ್ಸ್‌ಗಿಂತ ಹೆಚ್ಚು ಸೊರಗುತ್ತದೆ.

ಹಾಗೆಂದು ಕಂಪನಿಯ ಪೆಟ್ಟಿಗೆಯನ್ನು ಕಿತ್ತು ನಮ್ಮ ರೌಟರ್ ಇಡಲು ಬರುವುದಿಲ್ಲ. ಓಎನ್‌ಟಿ ಎಂಬ ಆ ಸಾಧನವೇ ಬೆಳಕಿನ ಸಂಕೇತವನ್ನು ಈಥರ್ನೆಟ್ ಆಗಿ ಬದಲಿಸುತ್ತದೆ; ಸಾಮಾನ್ಯವಾಗಿ ಅದರ ಕ್ರಮಸಂಖ್ಯೆ ಕಂಪನಿಯ ಕಡೆ ನೋಂದಣಿಯಾಗಿರುತ್ತದೆ. ಅದರಿಂದ ಬಿಡಿಸಿಕೊಳ್ಳಬೇಕಾದದ್ದು ಮನೆಯ ಸಾಧನಗಳಿಗೆ ಇಂಟರ್ನೆಟ್ ಹಂಚುವ ರೌಟಿಂಗ್ ಮತ್ತು ವೈಫೈ ಕೆಲಸಗಳನ್ನು ಮಾತ್ರ.

ನನ್ನ ಮಟ್ಟಿಗೆ ಇದಕ್ಕೆ ಅತ್ಯುತ್ತಮ ದಾರಿ ಬ್ರಿಡ್ಜ್ ಮೋಡ್, ಅಂದರೆ ಓಎನ್‌ಟಿ ಸಂಕೇತವನ್ನು ಬದಲಿಸಿ ದಾಟಿಸುವುದಷ್ಟನ್ನೇ ಮಾಡಿ ಉಳಿದದ್ದನ್ನು ನಮ್ಮ ರೌಟರ್‌ಗೆ ಬಿಡುವ ವ್ಯವಸ್ಥೆ. ಓಎನ್‌ಟಿಯನ್ನು ಬ್ರಿಡ್ಜ್‌ಗೆ ಹಾಕಿಕೊಡುವಂತೆ ಕಂಪನಿಯನ್ನು ಕೇಳಿ, ಪಿಪಿಪಿಒಇ ಎಂಬ ಲಾಗಿನ್ ವಿಧಾನ ಬಳಸುವ ಸಂಪರ್ಕವಾದರೆ ಅದರ ಬಳಕೆದಾರ ಹೆಸರು, ಪಾಸ್‌ವರ್ಡ್ ಮತ್ತು ಅಗತ್ಯವಿದ್ದಲ್ಲಿ ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಸೇವೆಗಳನ್ನು ಗುರುತಿಸುವ) ಸಂಖ್ಯೆಯನ್ನು ಪಡೆದು ನಮ್ಮ ರೌಟರ್‌ನಲ್ಲಿ ತುಂಬಬೇಕು. ಒಂದು ಸಲಕ್ಕೆ ಕಳಿಸುವ ದತ್ತಾಂಶದ ಗರಿಷ್ಠ ಗಾತ್ರವಾದ ಎಂಟಿಯು ಆಗ ಸಾಮಾನ್ಯವಾಗಿ 1492 ಬೈಟ್ ಇರುತ್ತದೆ. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ, ಬದಲಾವಣೆಯ ನಂತರವೂ ಅದು ನಡೆಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಮಳೆಗಾಲದಲ್ಲಿ ಮೊಬೈಲ್ ಟವರ್ ಕೈಕೊಟ್ಟಾಗ ಹಿರಿಯರಿರುವ ಮನೆಗೆ ಆ ಫೋನೇ ಆಧಾರ.

ಬ್ರಿಡ್ಜ್ ಸಿಗದಿದ್ದರೆ ನಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈಫೈ ಕೊಡುವುದಕ್ಕಷ್ಟೇ ಬಳಸಬಹುದು. ಆಗ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ಓಎನ್‌ಟಿಯಲ್ಲೇ ಉಳಿಯುತ್ತದೆ. ಎರಡೂ ರೌಟರ್ ಆಗಿಯೇ ನಡೆಯಬೇಕೆಂದರೆ ಎರಡಕ್ಕೂ 192.168.1.1 ಇರದಂತೆ ನಮ್ಮದನ್ನು 192.168.2.1ಕ್ಕೆ ಬದಲಿಸಬೇಕು. ಬ್ರೌಸಿಂಗ್, ವಿಡಿಯೊಗಳಿಗೆ ಇದರಿಂದ ಅಡ್ಡಿಯಿಲ್ಲವಾದರೂ ಹೊರಗಿನಿಂದ ಬರುವ ಸಂಪರ್ಕವನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗನ್ನು ಎರಡು ಕಡೆಯೂ ಮಾಡಬೇಕಾಗುತ್ತದೆ.

ಕಾಫಿ ಒಣಗಿಸುವ ಕಣದ ಕ್ಯಾಮೆರಾವನ್ನು ಬೆಂಗಳೂರಿನಲ್ಲಿ ಕುಳಿತು ನೇರವಾಗಿ ನೋಡಬಯಸುವವರು ಇನ್ನೊಂದನ್ನು ಗಮನಿಸಬೇಕು. ರೌಟರ್‌ನ ವ್ಯಾನ್ ವಿಳಾಸ, ಅಂದರೆ ಕಂಪನಿಯ ಕಡೆಯಿಂದ ಅದಕ್ಕೆ ಸಿಕ್ಕ ವಿಳಾಸ, 100.64ರಿಂದ 100.127ರೊಳಗೆ ಆರಂಭವಾಗುತ್ತಿದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಆಗ ಎಷ್ಟೇ ಬೆಲೆಯ ರೌಟರ್ ತಂದರೂ ಫಾರ್ವರ್ಡಿಂಗ್ ಫಲಿಸದು. ನಮಗೇ ಮೀಸಲಾದ ಸ್ಥಿರ ಸಾರ್ವಜನಿಕ ವಿಳಾಸವನ್ನು (ಸ್ಟ್ಯಾಟಿಕ್ ಐಪಿ) ಕೇಳಬೇಕು, ಅಥವಾ ಹಂಚಿಕೊಳ್ಳುವ ಅಗತ್ಯವಿಲ್ಲದಷ್ಟು ವಿಳಾಸಗಳಿರುವ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಳಸಬೇಕು. ತಯಾರಕರ ಸರ್ವರ್, ಅಂದರೆ ಕ್ಲೌಡ್ ಮೂಲಕ ನಡೆಯುವ ಕ್ಯಾಮೆರಾಗಳಿಗೆ ಈ ತೊಡಕಿಲ್ಲ.

ಮನೆಯಿಂದ ಗೋದಾಮಿಗೆ ಅಥವಾ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಸಂಪರ್ಕ ಒಯ್ಯುವಾಗ ತಾಮ್ರದ ಈಥರ್ನೆಟ್ ತಂತಿ 100 ಮೀಟರ್‌ವರೆಗೆ ಸಾಕಾಗುತ್ತದೆ ಎಂಬುದು ನಿಜ. ಆದರೆ ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳ ಸಿಡಿಲು ಕಂಡವರು ಕಟ್ಟಡಗಳ ನಡುವೆ ಬಯಲಿನಲ್ಲಿ ಅದನ್ನು ಎಳೆಯಬಾರದು. ಲೋಹದ ತಂತಿಯಿಲ್ಲದ ಫೈಬರ್ ಎಳೆದು ಎರಡೂ ತುದಿಗೆ ಬೆಳಕನ್ನು ಈಥರ್ನೆಟ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿದರೆ ಆ ಹಾದಿಯಲ್ಲಿ ಸಿಡಿಲಿನ ವಿದ್ಯುತ್ ಹರಿದು ಬರುವುದಿಲ್ಲ. ಅಡಾಪ್ಟರ್‌ಗಳನ್ನು ಮಾತ್ರ ಗುಡುಗು ಕೇಳಿಸುವ ಮೊದಲೇ ಪ್ಲಗ್‌ನಿಂದ ಕಳಚಿಡಬೇಕು.