ಬೈತಖೋಲದ ದೋಣಿ, ಚಂದಾವರದ ಇಗರ್ಜಿ

ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವವರು ಯಲ್ಲಾಪುರದಲ್ಲಿ ಚಹಾ ಮುಗಿಸಿ ಅರಬೈಲ್ ಘಟ್ಟ ಇಳಿಯಬೇಕು. ಧಾರವಾಡದ ಒಣ ಹವೆಗೆ ಒಗ್ಗಿದ ಮೈ ಘಟ್ಟದ ಬುಡದಲ್ಲೇ ಬೆವರತೊಡಗುತ್ತದೆ. ಅಂಕೋಲಾ ದಾಟಿದ ಮೇಲೆ ಎಡಕ್ಕೆ ಆಗಾಗ ಸಮುದ್ರ, ಬಲಕ್ಕೆ ಗುಡ್ಡ. ನಮ್ಮ ಕ್ರೈಸ್ತ ಸಭೆಯ ಯುವಕರ ಕೂಟದಲ್ಲಿ ವಿಗ್ರಹಾರಾಧನೆಯ ಕುರಿತು ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜೊತೆಗಿದ್ದ ಅಣ್ಣನ ಮಗ, ಗೋಕರ್ಣ ಮುರ್ಡೇಶ್ವರಗಳ ಹೆಸರಿದ್ದ ಫಲಕ ನೋಡಿ, "ಚಿಕ್ಕಪ್ಪ, ನಿಮಗೆ ಬೇಕಾದ ಉದಾಹರಣೆಗಳೆಲ್ಲ ಈ ದಾರಿಯಲ್ಲೇ ಇವೆ" ಎಂದ.

ಆ ಮಾತು ನನಗೆ ಹಿಡಿಸಲಿಲ್ಲ. ಎಫೆಸ ಪಟ್ಟಣದಲ್ಲಿ ದೊಂಬಿ ಎದ್ದಾಗ ಅಪೊಸ್ತಲ ಪೌಲನ ಸಂಗಡಿಗರ ಪರವಾಗಿ ಮಾತನಾಡಿದವನು ಆ ಪಟ್ಟಣದ ಅಧಿಕಾರಿಯೇ. ಇವರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಅವನು ಜನರ ಮುಂದೆ ಹೇಳಿದ. ಅಪೊಸ್ತಲರ ಕೃತ್ಯಗಳು ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅದು ದಾಖಲಾಗಿದೆ. ನೆರೆಯವರ ಗುಡಿಯ ಮುಂದೆ ನಿಂತು ನಾಲಗೆ ಹರಿಯಬಿಡುವ ಕ್ರೈಸ್ತರ ಬಗ್ಗೆ ಇಂದು ಯಾವ ಅಧಿಕಾರಿ ಅಂಥ ಸಾಕ್ಷಿ ನುಡಿದಾನು? ವಿಗ್ರಹ ಬೇಡ ಎಂಬುದೂ ಸೇರಿದ ಹತ್ತು ಆಜ್ಞೆಗಳನ್ನು ದೇವರು ಕೊಟ್ಟಿದ್ದು ಐಗುಪ್ತದಿಂದ ತಾನೇ ಬಿಡಿಸಿ ತಂದ ಜನರಿಗೆ. ಅವು ಮೊದಲು ನಮ್ಮ ಮನೆಯ ಬಾಗಿಲು ತಟ್ಟಬೇಕು. ಅವನಿಗೆ ಇಷ್ಟನ್ನೂ ಹೇಳಿದೆ. ಕಿಟಕಿಯ ಕಡೆ ತಿರುಗಿ ಕುಳಿತ.

ಕಾರವಾರದಲ್ಲಿ ನಮ್ಮನ್ನು ಇಳಿಸಿಕೊಂಡವರು ಕೊಂಕಣಿ ಮನೆಮಾತಿನ ಹಳೆಯ ಮಿತ್ರರು, ಕ್ಯಾಥೊಲಿಕರು. ಬೆಳಗ್ಗೆ ಎದ್ದವರೇ ಬೈತಖೋಲ ಬಂದರಿಗೆ ಕರೆದೊಯ್ದರು. ಕಾಲಿಟ್ಟಲ್ಲೆಲ್ಲ ಕರಗಿದ ಐಸಿನ ನೀರು, ಬಂಗುಡೆಯ ಬುಟ್ಟಿಗಳು, ಡೀಸೆಲ್ ವಾಸನೆ. ನೀಲಿ ನೈಲಾನ್ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ ಖಲಾಸಿಗಳು ತಲೆ ಎತ್ತದೆಯೇ ದಾರಿ ಬಿಟ್ಟರು. ದೋಣಿ ನಡೆಸುವ ತಾಂಡೇಲರೊಬ್ಬರು, ಮಿತ್ರರ ಪರಿಚಯದವರು, ದೋಣಿಯ ಕ್ಯಾಬಿನ್ನಿಗೆ ಹತ್ತಿಸಿಕೊಂಡರು. ಚುಕ್ಕಾಣಿಯ ಮೇಲೆ ಮೀನಿನ ಹಿಂಡು ತೋರಿಸುವ ಯಂತ್ರ, ಅದರ ಪಕ್ಕದ ಮೊಳೆಗೆ ಜಪಮಾಲೆ. ಉಪ್ಪುಗಾಳಿಗೆ ಅದರ ಸರಪಳಿ ಹಸಿರುಗಟ್ಟಿತ್ತು. ಶಿಲುಬೆಯ ಒಂದು ತೋಳು ಸವೆದು ಮೊಂಡಾಗಿತ್ತು.

"ಇದಿಲ್ಲದೆ ಬಂದರು ದಾಟುವುದಿಲ್ಲವೋ?" ಎಂದು ಕೇಳಿದೆ.

ತಾಂಡೇಲರು ಅದನ್ನು ಮೊಳೆಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಕೈಯಲ್ಲಿ ಹಿಡಿದರೆ ಪ್ರಾರ್ಥನೆ, ಮೊಳೆಗೇ ಬಿಟ್ಟರೆ ತಾಯಿತ ಎಂದು ನಮ್ಮ ಪಾದ್ರಿಗಳು ಬಯ್ಯುತ್ತಾರೆ. ಬಯ್ಯುವುದು ಸರಿಯೇ. ಗಾಳಿ ಎದ್ದ ದಿನ ಮಾತ್ರ ಕೈಗೆ ಬರುತ್ತದೆ."

ಇಸ್ರಾಯೇಲರು ಫಿಲಿಷ್ಟಿಯರ ಎದುರು ಸೋತಾಗ ಮಾಡಿದ್ದೂ ಇದೇ ತಾಯಿತದ ಕೆಲಸ. ದೇವರನ್ನು ಕೇಳಲಿಲ್ಲ, ಶೀಲೋ ಎಂಬ ಊರಿನಿಂದ ಒಡಂಬಡಿಕೆಯ ಮಂಜೂಷವನ್ನು, ಎಂದರೆ ದೇವರ ಆಜ್ಞೆಗಳ ಪವಿತ್ರ ಪೆಟ್ಟಿಗೆಯನ್ನು, ಪಾಳೆಯಕ್ಕೆ ತರಿಸಿದರು. ಅದು ಬಂದದ್ದೇ ನೆಲ ನಡುಗುವಂತೆ ಆರ್ಭಟಿಸಿದರು. ಯುದ್ಧವೂ ಹೋಯಿತು, ಮಂಜೂಷವೂ ಶತ್ರುಗಳ ಪಾಲಾಯಿತು. ಆ ಪೆಟ್ಟಿಗೆಯನ್ನು ಮಾಡಿಸಿದವನು ದೇವರೇ ಎಂಬುದನ್ನು ನಾವು ಮರೆಯಬಾರದು. ಪವಿತ್ರ ವಸ್ತುವೂ ದೇವರ ಜಾಗದಲ್ಲಿ ಕುಳಿತರೆ ವಿಗ್ರಹವೇ.

ಇದನ್ನು ಕ್ಯಾಥೊಲಿಕರ ಕಡೆಗೆ ಮಾತ್ರ ಬೆರಳು ತೋರಿಸಿ ಹೇಳುತ್ತಿಲ್ಲ. ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಪ್ರತಿಮೆ ಇರುವುದಿಲ್ಲ, ನಿಜ. ಆದರೆ ಓದದ ಬೈಬಲ್ಲು ದಿಂಬಿನ ಕೆಳಗಿದ್ದರೆ ಕೆಟ್ಟ ಕನಸು ಬೀಳದು ಎನ್ನುತ್ತೇವೆ. ಟಿವಿಯ ಬೋಧಕರು ಪ್ರಾರ್ಥಿಸಿ ಕಳುಹಿಸಿದ ಎಣ್ಣೆಯ ಶೀಶೆ, ಕರವಸ್ತ್ರಗಳಿಗೆ ಹಣ ಕಟ್ಟುತ್ತೇವೆ. ಹೊಸ ಕಾರಿನ ಗಾಜಿಗೆ ಕೀರ್ತನೆಯ ವಚನ ಅಂಟಿಸಿ, ಅದರ ಬಲದಿಂದ ಅಡ್ಡಾದಿಡ್ಡಿ ಓಡಿಸುತ್ತೇವೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಿತ್ರರು ತಮ್ಮ ಪಕ್ಷವನ್ನೂ ಮಂಡಿಸಿದರು. ಮಂಜೂಷದ ಮೇಲೆ ರೆಕ್ಕೆಯುಳ್ಳ ಕೆರೂಬಿಗಳನ್ನು ಮಾಡಿಸಲು ದೇವರೇ ಹೇಳಲಿಲ್ಲವೇ? 787ರಲ್ಲಿ ನೈಸಿಯಾದಲ್ಲಿ ಕೂಡಿದ ಧರ್ಮಾಧ್ಯಕ್ಷರ ಮಹಾಸಭೆ, ಚಿತ್ರಗಳಿಗೆ ಸಲ್ಲುವ ಗೌರವ ಬೇರೆ, ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ ಎಂದು ಗೆರೆ ಎಳೆಯಲಿಲ್ಲವೇ? ಗೆರೆ ಇದೆ, ಒಪ್ಪುತ್ತೇನೆ. ಅದರ ಮೇಲೆ ಕಣ್ಣಿಟ್ಟು ಕಾಯುವವರು ಬೇಕು ಎಂದೆ. ಮೋಶೆ ದೇವರ ಅಪ್ಪಣೆಯಿಂದಲೇ ಎತ್ತಿಸಿದ ತಾಮ್ರದ ಸರ್ಪವು ಹಾವು ಕಚ್ಚಿದವರ ಜೀವ ಉಳಿಸಿತ್ತು. ತಲೆಮಾರುಗಳು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದರು. ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿಸಿದ. ಮೋಶೆಯ ಕೈಯ ವಸ್ತು ಎಂಬ ಮುಲಾಜೂ ಅವನಿಗಿರಲಿಲ್ಲ. ಮಿತ್ರರು ಸ್ವಲ್ಪ ಹೊತ್ತು ಮೀನಿನ ಮುಳ್ಳು ಬಿಡಿಸುತ್ತಾ ಸುಮ್ಮನಿದ್ದರು. ಆಮೇಲೆ ತಮ್ಮ ತಂದೆಯ ಮಾತು ತೆಗೆದರು.

ಕಾರವಾರದ ತೀರದಾಚೆ ಅಂಜದೀಪ ಎಂಬ ದ್ವೀಪವಿದೆ. ಆಡಳಿತದ ಲೆಕ್ಕದಲ್ಲಿ ಗೋವೆಗೆ ಸೇರಿದ್ದು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಅಲ್ಲಿನ ಮಾತೆ ಮರಿಯಮ್ಮನವರ ಇಗರ್ಜಿಯ ಹಬ್ಬಕ್ಕೆ ಅವರ ತಂದೆ ದೋಣಿಯಲ್ಲಿ ಹೋಗುತ್ತಿದ್ದರಂತೆ. ಈಗ ದ್ವೀಪ ನೌಕಾನೆಲೆಯ ಭಾಗ, ಜನಸಾಮಾನ್ಯರಿಗೆ ಪ್ರವೇಶವಿಲ್ಲ. "ಹೋಗಲಾಗದ ಮೊದಲ ವರ್ಷ ತಂದೆ ಅತ್ತುಬಿಟ್ಟರು. ಮರುವರ್ಷ ಮನೆಯಲ್ಲೇ ನಮ್ಮನ್ನೆಲ್ಲ ಮೊಣಕಾಲೂರಿಸಿದರು. ಪ್ರಾರ್ಥನೆ ಕೇಳುವವನು ದ್ವೀಪದಲ್ಲಿ ಸಿಕ್ಕಿಕೊಂಡಿಲ್ಲವಲ್ಲ ಎಂದರು."

ನೂರು ಪುಟದ ದೇವತಾಶಾಸ್ತ್ರ ಓದಿದವರಿಗೂ ಇಷ್ಟು ಸ್ಪಷ್ಟತೆ ಇರುವುದಿಲ್ಲ. ಆ ಹಿರಿಯರನ್ನು ನೋಡುವ ಭಾಗ್ಯ ನನಗಿರಲಿಲ್ಲ.

ಮರುದಿನ ದಕ್ಷಿಣಕ್ಕೆ ಹೊರಟೆವು. ಹೆದ್ದಾರಿಯ ಬದಿಯಲ್ಲಿ ಚಿನ್ನದ ಸಾಲದ ಫಲಕಗಳಿಗೆ ಲೆಕ್ಕವಿಲ್ಲ. ಮೋಶೆಯ ಅಣ್ಣ ಆರೋನ ಪೂಜೆಗೆಂದು ಎರಕ ಹೊಯ್ದ ಹೋರಿಕರುವಿಗೆ ಜನ ಕೊಟ್ಟಿದ್ದು ಕಿವಿಯ ಚಿನ್ನದ ಮುರುವುಗಳನ್ನೇ. ಲೋಭವು ವಿಗ್ರಹಾರಾಧನೆಗೆ ಸಮಾನ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರ ಹೇಳುತ್ತದೆ. ಮದುವೆಗೆ ಇಷ್ಟು ತೊಲ ಎಂದು ಹಟ ಹಿಡಿದು ಹೆಣ್ಣಿನ ಮನೆಯವರನ್ನು ಸಾಲಕ್ಕೆ ನೂಕುವ ಕ್ರೈಸ್ತ ಕುಟುಂಬಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಬಗ್ಗೆ ವೇದಿಕೆಯಿಂದ ಒಂದು ಪ್ರಸಂಗ ಕೇಳಲು ನನ್ನ ಕಿವಿ ಹಾತೊರೆಯುತ್ತದೆ.

ಕುಮಟಾ ಹೊನ್ನಾವರಗಳ ನಡುವೆ, ಒಳಗಿನ ದಾರಿಯಲ್ಲಿ ಚಂದಾವರ. ಸಂತ ಫ್ರಾನ್ಸಿಸ್ ಝೇವಿಯರರ ಹೆಸರಿನ ಅಲ್ಲಿನ ಇಗರ್ಜಿಗೆ ಜಾತಿಮತ ನೋಡದೆ ಜನ ಬರುತ್ತಾರೆ. ಅಂದು ಹೆಚ್ಚು ಜನರಿರಲಿಲ್ಲ. ಮಗುವನ್ನು ಸೊಂಟದಲ್ಲಿ ಹೊತ್ತ ತಾಯಿಯೊಬ್ಬರು ಮೇಣದಬತ್ತಿ ಹಚ್ಚಿ ಬಹಳ ಹೊತ್ತು ಕಣ್ಣುಮುಚ್ಚಿ ನಿಂತಿದ್ದರು. ಅವರ ಮೊರೆ ಯಾರಿಗೆ ಮುಟ್ಟಿತು ಎಂದು ತೀರ್ಪು ಕೊಡಲು ನಾನು ಯಾರು? ನನ್ನ ಯೋಚನೆ ಆ ಸಂತರ ಕಡೆ ಹೋಯಿತು. 1552ರ ಡಿಸೆಂಬರಿನಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡವರು. ಅವರ ಹೆಸರನ್ನೇ ಹಿಡಿದು ನಿಂತವರನ್ನು ಕಂಡರೆ ಅವರು ಏನನ್ನುತ್ತಿದ್ದರು? ಲುಸ್ತ್ರ ಪಟ್ಟಣದ ಜನ ಪೌಲ ಬಾರ್ನಬರನ್ನು ದೇವರುಗಳೆಂದೇ ತಿಳಿದು ಹೋರಿ, ಹಾರಗಳನ್ನು ತಂದು ಬಲಿ ಕೊಡಲು ಹೊರಟಾಗ ಅವರಿಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿದರು. ನಾವೂ ನಿಮ್ಮಂಥ ಮನುಷ್ಯರೇ ಎಂದು ಕೂಗಿದರು. ಇಂದಿನ ಹೆಸರುವಾಸಿ ಬೋಧಕರಲ್ಲಿ ಹಾರ ಕಂಡು ಹಾಗೆ ನುಗ್ಗುವವರು ಕಡಿಮೆ.

ಹೊನ್ನಾವರದಲ್ಲಿ ಶರಾವತಿ ಸೇತುವೆಯ ಬಳಿ ಹುಬ್ಬಳ್ಳಿ ಬಸ್ಸಿಗೆ ಕಾಯುವಾಗ ಹುಡುಗ ಮತ್ತೆ ಬಾಯಿಬಿಟ್ಟ. "ಹಿಜ್ಕೀಯನನ್ನು ನಮ್ಮ ಸಭೆಗೆ ಕರೆಸಿದರೆ ಏನನ್ನು ಒಡೆಯುತ್ತಾನೆ ಚಿಕ್ಕಪ್ಪ?"

ನಮ್ಮ ದೇವಾಲಯದ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕವಿದೆ. ಯಾರ ಹೆಸರು ಮೇಲಿರಬೇಕು ಎಂಬ ಜಗಳದಲ್ಲಿ ಎರಡು ಮನೆತನಗಳು ಒಟ್ಟಿಗೆ ಪ್ರಭುಭೋಜನ ತೆಗೆದುಕೊಳ್ಳುವುದನ್ನೇ ಬಿಟ್ಟಿವೆ. ಆ ಕಲ್ಲನ್ನು ಎಂದೆ.

"ಅದರಲ್ಲಿ ಅಜ್ಜನ ಹೆಸರೂ ಇದೆ."

"ಇದೆ. ಮೊದಲು ಅದನ್ನು ತೆಗೆಸಲು ಕಮಿಟಿಗೆ ಅರ್ಜಿ ಕೊಡುತ್ತೇನೆ. ನಿನ್ನ ಅಪ್ಪನ ಸಹಿಯೂ ಬೇಕು, ಮನೆಗೆ ಹೋದ ಮೇಲೆ ನೀನೇ ಕೇಳು."